ದವಡೆ ಒಪ್ಪಿದ ಮೊಳೆ

“ರಾಜಕುಮಾರಿ ಚಂದಲಾದೇವಿಯವರ ಹಲ್ಲಿನ ಮೊಳೆಯನ್ನು ಹದ ಮಾಡಬಲ್ಲವರು ಅರಮನೆಗೆ ಬರತಕ್ಕದ್ದು. ಮೊದಲು ಮೂರು ಒಗಟು ಬಿಡಿಸಬೇಕು. ತಪ್ಪಿದರೆ ತಲೆದಂಡ.” ಹೀಗೆ ಹೊನ್ನಗಿರಿಯಲ್ಲಿ ಡಂಗುರ ಸಾರಿದಾಗ ಜನ ಬಾಗಿಲ ಹಿಂದೆ ನಿಂತು ದೇವರನ್ನು ನೆನೆದರು.

ಕುದುರೆಯಿಂದ ಬಿದ್ದು ಹಲ್ಲು ಕಳೆದುಕೊಂಡ ಆಕೆಯ ದವಡೆಗೆ ಎರಡು ಸಲ ಚಿನ್ನದ ಮೊಳೆ ನೆಟ್ಟಿದ್ದರು. ಎರಡೂ ಕೀವಾಗಿ ಕಳಚಿ ಬಂದವು. ಆಮೇಲೆ ಸಿದ್ಧರೊಬ್ಬರು ಬಂದು ಬೂದುಬಣ್ಣದ ಲೋಹದ ಮೊಳೆ ಕೊಟ್ಟರು. “ಈ ದವಡೆ ಇನ್ನೊಂದೇ ಸಲ ತಾಳುತ್ತದೆ, ಮಗಳೇ. ನನ್ನ ಒಗಟು ಬಿಡಿಸಿದವನಿಗೆ ಮಾತ್ರ ಈ ಮೊಳೆ ಹದ ಮಾಡಲು ಬರುತ್ತದೆ” ಎಂದು ಒಗಟುಗಳನ್ನೂ ಉತ್ತರಗಳನ್ನೂ ಅವಳ ಕಿವಿಯಲ್ಲಿ ಹೇಳಿ ಹೋದರು.

ಮೊದಲು ಅಕ್ಕಸಾಲಿ ರುದ್ರಾಚಾರಿ ಬಂದ.

“ಹೊಳೆಯುತ್ತಾ ಬಂದರೆ ಮನೆಯವರು ಹೊರಗೆ ಹಾಕುತ್ತಾರೆ, ಮೈತುಂಬ ಗಾಯವಾಗಿ ಬಂದರೆ ಅಪ್ಪಿಕೊಳ್ಳುತ್ತಾರೆ. ಯಾರದು?” ಎಂದಳು ರಾಜಕುಮಾರಿ.

“ಯುದ್ಧದಿಂದ ಬಂದ ವೀರ” ಎಂದ. ತಪ್ಪಾಯಿತು.

ವೈದ್ಯ ವಾಮದೇವ ಅದನ್ನು ಬಿಡಿಸಿದರೂ ಎರಡನೆಯದರಲ್ಲಿ ಎಡವಿದ. ಮೊಳೆ ನೆಡುವ ಶುಭಕಾರ್ಯ ಮುಗಿಯುವ ತನಕ ರಕ್ತ ಹರಿಯಬಾರದೆಂದು ದೊರೆ ಇಬ್ಬರನ್ನೂ ಸೆರೆಯಲ್ಲಿಟ್ಟ.

ಅರಮನೆಯ ತಾಮ್ರದ ಪಾತ್ರೆಗಳಿಗೆ ತವರದ ಕಲಾಯಿ ಹಾಕಲು ಬಂದಿದ್ದ ಗುರುಪಾದನೆಂಬ ತರುಣನಿಗೆ, ಅಂಬಲಿ ಕುಡಿಯಲೂ ಆಗದೆ ಆಕೆ ಅಳುವುದು ಕೇಳಿಸಿತು. ಮನಸ್ಸು ತಡೆಯದೆ ಸಭೆಗೆ ನಡೆದ.

“ಮಸಿ ಕೈಯವನೂ ಬಂದನಪ್ಪ. ನಿನ್ನ ತಲೆ ಭಾರವಾಯಿತೇನೋ?” ಎಂದ ಕಾವಲುಗಾರ.

“ಭಾರ ಹೊರುವವನು ಮೇಲಿದ್ದಾನೆ, ಅಣ್ಣ” ಎಂದ ಗುರುಪಾದ.

ಮೊದಲ ಒಗಟಿಗೆ, “ಲೋಹ, ತಾಯಿ. ನುಣುಪಾಗಿದ್ದರೆ ತವರ ಜಾರುತ್ತದೆ. ಮರಳಿನಲ್ಲಿ ಉಜ್ಜಿ ಒರಟು ಮಾಡಿದರೆ ಹಿಡಿಯುತ್ತದೆ. ಎಲುಬೂ ಒರಟು ಮೊಳೆಯನ್ನೇ ಅಪ್ಪಿಕೊಳ್ಳಬೇಕು” ಎಂದು ಮೊಳೆಯನ್ನು ಚಿಮಟದಲ್ಲಿ ಹಿಡಿದು ಚೂಪು ಮರಳಿನಲ್ಲಿ ಉಜ್ಜಿದ.

“ಹಲ್ಲಿಲ್ಲದೆ ಕಚ್ಚುತ್ತದೆ, ಕಚ್ಚಿದ ಮೇಲೆ ಕಪ್ಪೆಲ್ಲ ಹೋಗುತ್ತದೆ. ವೈದ್ಯರು ಬೆಂಕಿ ಎಂದರು. ಬೆಂಕಿ ಕಚ್ಚಿದ್ದು ಕಪ್ಪಾಗುತ್ತದೆ” ಎಂದಳು ರಾಜಕುಮಾರಿ.

“ಹುಳಿ, ತಾಯಿ. ಪಾತ್ರೆಗೆ ಹುಣಸೆ, ಇದಕ್ಕೆ ಅಕ್ಕಸಾಲಿಗರ ಸುಡುವ ಹುಳಿನೀರು, ತೇಜಾಬು” ಎಂದ. ಮೊಳೆಯನ್ನು ಅದರಲ್ಲಿ ಅದ್ದಿ, ನೀರಿನಲ್ಲಿ ತೊಳೆದು ಬಾಳೆಲೆಯ ಮೇಲಿಟ್ಟ.

“ಕಣ್ಣಿಗೆ ಕಾಣುವುದಿಲ್ಲ, ಮಿಂದವನ ಮೈಯಲ್ಲೂ ಇರುತ್ತದೆ, ಪ್ರೀತಿಯಿಂದ ಬಂದರೂ ಕೆಲಸ ಕೆಡಿಸುತ್ತದೆ” ಎಂದು ಅವಳು ಮೂರನೆಯದನ್ನು ಕೇಳಿದಳು.

ಗುರುಪಾದನಿಗೆ ಹೊಳೆಯಲಿಲ್ಲ. ಪಾಪವೇ? ಗರ್ವವೇ? ಬೆವರು ಕಣ್ಣಿಗಿಳಿಯಿತು. ತಲೆ ಕಡಿಯಲು ನಿಂತಿದ್ದ ಭಟ ಕತ್ತಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಶಿವನೇ, ನನಗೆ ತಿಳಿದದ್ದು ಪಾತ್ರೆ ಮಾತ್ರ ಎಂದು ಅವನು ಕಣ್ಣುಮುಚ್ಚಿದ.

ಕಣ್ಣು ತೆರೆದಾಗ ದೊರೆ ಸಿಂಹಾಸನದಿಂದಿಳಿದು, ಮಗಳಿಗೆ ಒಳಿತಾಗಲೆಂದು ಮೊಳೆಯನ್ನು ಕಣ್ಣಿಗೊತ್ತಿಕೊಳ್ಳಲು ಕೈ ಚಾಚಿದ್ದ.

“ಮುಟ್ಟಬೇಡಿ” ಎಂದು ಗುರುಪಾದ ದೊರೆಯ ಕೈಯನ್ನೇ ತಳ್ಳಿಬಿಟ್ಟ. ಭಟರು ಅವನನ್ನು ನೆಲಕ್ಕೆ ಒತ್ತಿದರು. “ಬೆರಳಿನ ಜಿಡ್ಡು ತಾಗಿದ ಕಡೆ ಕಲಾಯಿ ಹಿಡಿಯುವುದಿಲ್ಲ, ದೊರೆಗಳೇ” ಎಂದು ಬಿದ್ದಲ್ಲಿಂದಲೇ ಹೇಳಿದ.

“ಬಿಡಿ ಅವನನ್ನು. ಅದೇ ಉತ್ತರ” ಎಂದಳು ರಾಜಕುಮಾರಿ.

“ನೆಡುವ ಕೈ ನನ್ನದಲ್ಲ, ವೈದ್ಯರದು” ಎಂದ ಗುರುಪಾದ. ಸೆರೆಯಿಂದ ಬಂದ ವಾಮದೇವ ಬರಿಗೈ ತಾಗಿಸದೆ ಚಿಮಟದಿಂದಲೇ ನೆಟ್ಟ. “ಮೊಳೆ ನಿಲ್ಲದಿದ್ದರೆ ಅಕ್ಕಸಾಲಿಯದೂ ಸೇರಿ ಮೂವರ ತಲೆಯೂ ಹೋಗುತ್ತದೆ” ಎಂದ ದೊರೆ.

ಮೂರು ತಿಂಗಳು ಮೂವರೂ ಒಂದೇ ಕೋಣೆಯಲ್ಲಿ ಕೂತು, ದಿನಾ ಬೆಳಿಗ್ಗೆ ದಾಸಿಯ ಹೆಜ್ಜೆಗೆ ಕಿವಿಗೊಟ್ಟರು. ನೋವಿಲ್ಲವಂತೆ. ಅಲುಗುತ್ತಿಲ್ಲವಂತೆ. ಕೊನೆಗೆ ಮೊಳೆಯ ಮೇಲೆ ದಂತದ ಹಲ್ಲು ಕೂರಿಸಿದರು. ರಾಜಕುಮಾರಿ ಕಬ್ಬಿನ ಜಲ್ಲೆ ಹಿಡಿದು ಕಚ್ಚಿದಳು. ಲಟಕ್ಕೆಂದಿತು. ಮುರಿದದ್ದು ಕಬ್ಬು.

“ಅರ್ಧ ರಾಜ್ಯ ಕೇಳು” ಎಂದ ದೊರೆ.

“ಬೇಡ. ಈ ಇಬ್ಬರ ತಲೆ ಕೊಡಿ.”

ಸಭೆ ಬೆಚ್ಚಿತು.

“ಅವರವರ ಕುತ್ತಿಗೆಯ ಮೇಲೆಯೇ ಕೊಡಿ” ಎಂದ ಗುರುಪಾದ. ದೊರೆ ನಕ್ಕು ಇಬ್ಬರನ್ನೂ ಬಿಟ್ಟ. ಅರಮನೆಯ ಪಾತ್ರೆಗಳ ಕಲಾಯಿಯನ್ನು ಗುರುಪಾದನ ವಂಶಕ್ಕೇ ಬರೆದುಕೊಟ್ಟ. ಅವನನ್ನು ಕಾಯ್ದ ಸ್ವಾಮಿ ಈ ಕತೆ ಕೇಳಿದವರನ್ನೂ ಕಾಯಲಿ.