ತೆಳು ವೈರು ಬಾಯಿಬಿಟ್ಟಾಗ

ಕೆಸರಲ್ಲಿ ಹೂತ ಜೀಪನ್ನು ಮೇಲೆತ್ತಲು, ಅದರ ಮುಂಭಾಗದಲ್ಲಿದ್ದ, ಹಗ್ಗ ಸುತ್ತಿ ಎಳೆಯುವ ಯಂತ್ರವಾದ ವಿಂಚು, ಮರಕ್ಕೆ ಕಟ್ಟಿದ್ದ ಹಗ್ಗವನ್ನು ಎಳೆಯತೊಡಗಿತು. ಜೀಪು ಅಲುಗಲಿಲ್ಲ.

“ನಿನ್ನಲ್ಲಿ ಶಕ್ತಿಯೇ ಇಲ್ಲ,” ಎಂದು ವಿಂಚು ಬ್ಯಾಟರಿಯನ್ನು ಗದರಿಸಿತು.

“ನಾನು ಬೇಕಾದಷ್ಟು ಕೊಡುತ್ತಿದ್ದೇನೆ. ನಿನಗೇ ಎಳೆಯಲು ಬಾರದು,” ಎಂದಿತು ಬ್ಯಾಟರಿ.

ಅವರಿಬ್ಬರ ನಡುವಿನ ತೆಳು ವೈರು ಬಿಸಿಯೇರಿ ಚಡಪಡಿಸುತ್ತಿತ್ತು. ಸುಮ್ಮನಿದ್ದರೆ ಸುಟ್ಟುಹೋಗುವ ಭಯ, ಬಾಯಿಬಿಟ್ಟರೆ ಕೆಲಸ ಹೋಗುವ ಭಯ. ಕೊನೆಗೆ ಧೈರ್ಯ ಮಾಡಿ ಹೇಳಿತು: “ಅಣ್ಣಂದಿರೇ, ಜಗಳ ಬಿಡಿ. ನೀವಿಬ್ಬರೂ ಗಟ್ಟಿಗರೇ. ಇಷ್ಟೊಂದು ಕರೆಂಟು ಹಾಯಿಸುವ ತಾಕತ್ತು ನನಗಿಲ್ಲ. ನನ್ನ ಜಾಗಕ್ಕೆ ದಪ್ಪ ವೈರು ಬರಲಿ.”

ಜೀಪಿನ ಒಡತಿ ಪೊನ್ನಮ್ಮ ಹಾಗೆಯೇ ಮಾಡಿದಳು. ವಿಂಚು ಎಳೆಯಿತು, ಜೀಪು ದಡ ಹತ್ತಿತು. ತೆಳು ವೈರನ್ನು ಅವಳು ಎಸೆಯದೆ ಹಾರನ್ನಿಗೆ ಜೋಡಿಸಿದಳು. ಮನೆ ಮುಟ್ಟುವವರೆಗೂ ಎಲ್ಲರಿಗಿಂತ ಜೋರಾಗಿ ಕೂಗಿದ್ದು ಅದೇ.