ಮೇಸ್ತ್ರಿ ಒರೆಸಿದ ಗುರುತು

ಮೂರು ಜಿಲ್ಲೆಯ ಡಾಕ್ಟರುಗಳಿಗೆ ಎದೆಬಡಿತ ಕೇಳುವುದನ್ನು ಕಲಿಸಿಕೊಟ್ಟವನು ನಾನೇ. ಸುಳ್ಳು. ನನಗೆ ನನ್ನ ನಾಡಿಯೇ ಸಿಗುವುದಿಲ್ಲ. ಒಮ್ಮೆ ಹುಡುಕಿ ಹುಡುಕಿ ಸಾಕಾಗಿ, "ಏ, ನಾ ಸತ್ತೀನಿ ನೋಡು" ಎಂದು ಮನೆಯವಳಿಗೆ ಹೇಳಿದೆ. "ಹಂಗಾದ್ರ ಎರಡು ರೊಟ್ಟಿ ಕಡಿಮಿ ಬಡೀತೀನಿ" ಅಂದಳು.

ಗುರುಪಾದಪ್ಪ ಮೇಸ್ತ್ರಿಯ ಕಿವಿ ಹಾಗಲ್ಲ. ದಾವಲಸಾಬನ ಹಿಟ್ಟಿನ ಗಿರಣಿಯ ಡೀಸೆಲ್ ಇಂಜಿನ್ ನೋಡಿಕೊಳ್ಳುವವನು ಅವನು. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ, ಕಣ್ಣು ಮುಚ್ಚಿ ಕೇಳುತ್ತಿದ್ದ. ಬಡಿತ ಒಂದೇ ಸಮ ಇದ್ದರೆ ಸೀಮೆಸುಣ್ಣದಿಂದ ಇಂಜಿನ್ ಮೇಲೆ ರೈಟ್ ಗುರುತು. ಏರುಪೇರಾದರೆ ತಪ್ಪು ಗುರುತು, ಆ ಕ್ಷಣವೇ ಗಿರಣಿ ಬಂದ್. ಮೂವತ್ತು ವರ್ಷದಲ್ಲಿ ಒಮ್ಮೆಯೂ ಸೋತವನಲ್ಲ. ನನ್ನ ಮಾತು ನಂಬಬೇಡಿ, ಗಿರಣಿಯನ್ನೇ ಕೇಳಿ.

ಒಂದು ಮಧ್ಯಾಹ್ನ ಏಳು ವರ್ಷದ ಮೊಮ್ಮಗಳು ದಾನೇಶ್ವರಿ ಅವನ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಕಿವಿ ಸುಮ್ಮನಿರಲಿಲ್ಲ. ಮಗುವಿನ ಎದೆಗೆ ಆನಿಸಿದ. ಲಗುಲಗು ಒಂದಷ್ಟು ಬಡಿತ, ಆಮೇಲೆ ನಿಧಾನ, ಮತ್ತೆ ಲಗುಲಗು. ಇದು ಏರುಪೇರೇ ಅಂದುಕೊಂಡ ಮೇಸ್ತ್ರಿ. ಅಲ್ಲೇ ಆಡುತ್ತಿದ್ದ ದಾವಲಸಾಬನ ಮಗಳು ರುಕ್ಸಾನಾಳನ್ನು ಕರೆದು ಕೂರಿಸಿಕೊಂಡು ಅವಳ ಎದೆಗೂ ಕಿವಿ ಇಟ್ಟ. ಟಕ್, ಟಕ್, ಟಕ್. ಹೊಸ ಇಂಜಿನ್!

ರುಕ್ಸಾನಾಳ ಶಾಲೆಯ ಚೀಲದ ಮೇಲೆ ರೈಟ್ ಬಿತ್ತು. ದಾನೇಶ್ವರಿಯ ಚೀಲಕ್ಕೆ ತಪ್ಪು.

ಇಬ್ಬರೂ ಶಾಲೆಯ ರಿಲೇ ತಂಡದಲ್ಲಿದ್ದರು. ಈಗ ದಾನೇಶ್ವರಿಗೆ ಓಟವಿಲ್ಲ, ಹಗ್ಗ ಜಿಗಿಯುವಂತಿಲ್ಲ. ಬೇವಿನ ಮರದ ಕೆಳಗೆ ಕೂತು ಎಲ್ಲರ ಚಪ್ಪಲಿ ಕಾಯುವುದೇ ಕೆಲಸ.

"ಅಜ್ಜಾ, ನನಗೇನೂ ಆಗಿಲ್ಲ. ನಿನ್ನೆ ಗ್ವಾಡಿ ಹತ್ತೀನಿ. ಇಬ್ಬರನ್ನ ಹೊಡದೀನಿ."

"ಬಾಯಿ ಮುಚ್ಚು. ಇಂಜಿನ್ ಮಾತಾಡುವಾಗ ಮಾಲಕರು ಮಾತಾಡಬಾರದು."

ಡಾಕ್ಟರ ಹತ್ತಿರ ಹೋಗೋಣ ಅಂತ ಸೊಸೆ ಅಂದಳು. ನನ್ನ ಕಿವಿಗಿಂತ ದೊಡ್ಡ ಡಾಕ್ಟರ್ ಯಾರು ಅಂತ ಮೇಸ್ತ್ರಿ ಗುರುಗುಟ್ಟಿದ.

ಎಂಟು ದಿನದ ಮೇಲೆ ಕ್ರೀಡಾಕೂಟಕ್ಕೆಂದು ಓಟದ ಅಭ್ಯಾಸ ನಡೆದಿತ್ತು. ಊರವರೆಲ್ಲ ನೋಡುತ್ತ ನಿಂತಿದ್ದರು. ರುಕ್ಸಾನಾ ಬಾಣದಂತೆ ಓಡಿದಳು. ಎಡವಲಿಲ್ಲ, ಜಾರಲಿಲ್ಲ. ಓಡುತ್ತಿದ್ದವಳು ಹಾಗೇ ಕುಸಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು.

"ಬಿಸಲಿಗೆ ಬಿದ್ದಾಳ" ಅಂದರು ಮಾಸ್ತರರು.

"ಮುಂಜಾನೆ ನಾಷ್ಟಾ ಮಾಡಿಲ್ರಿ" ಅಂದ ದಾವಲಸಾಬ. ಯಾರೋ ಲಿಂಬು ಶರಬತ್ತು ತಂದರು.

"ಗಾಬರಿ ಬ್ಯಾಡ. ನಾನ ಕೇಳೀನಿ, ಬಡಿತ ಬಂಗಾರ ಐತಿ" ಎಂದ ಮೇಸ್ತ್ರಿ. "ಏಳವ್ವಾ, ಇನ್ನೊಂದು ಸುತ್ತು ಓಡು."

ಚಪ್ಪಲಿ ರಾಶಿ ಬಿಟ್ಟು ದಾನೇಶ್ವರಿ ನುಗ್ಗಿ ಬಂದಳು. "ಅಜ್ಜಾ, ಓಡಸಬ್ಯಾಡ! ಮೊನ್ನೇನೂ ಓಡುವಾಗ ಹಿಂಗ ಬಿದ್ದಿದ್ಲು. ಎದಿ ಕುಣೀತೈತಿ ಅಂದಿದ್ಲು. ಟೀಮಿನಿಂದ ತೆಗೀತಾರ, ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ಲು."

ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಮೂವತ್ತು ವರ್ಷದ ಹೆಸರು ಒಂದು ಕಡೆ, ಬಿಳಿಚಿಕೊಂಡ ಮಗು ಒಂದು ಕಡೆ. ಮೇಸ್ತ್ರಿ ರುಕ್ಸಾನಾಳ ಚೀಲ ಎತ್ತಿಕೊಂಡ. ಹೆಗಲ ಟವೆಲ್ಲಿನಿಂದ ರೈಟ್ ಗುರುತನ್ನು ಎಲ್ಲರ ಮುಂದೆಯೇ ತಿಕ್ಕಿ ಒರೆಸಿದ.

"ಖಾಲಿ ಇದ್ದಾಗ ಚಂದ ಓಡಿ, ಕಾಳು ಹಾಕಿದ ಕೂಡಲೇ ನಿಲ್ಲೋ ಇಂಜಿನ್ನಿಗೆ ನಾ ಎಂದಾದ್ರೂ ರೈಟ್ ಹಾಕೀನೇನು? ಕೂತ ಹುಡುಗೀನ ಕೇಳಿದೆ, ಓಡೋ ಹುಡುಗೀನ ಕೇಳಲಿಲ್ಲ. ತಪ್ಪು ನಂದು. ದಾವಲಾ, ಟೆಂಪೊ ತಗಿ!"

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇಬ್ಬರಿಗೂ ಇಸಿಜಿ ತೆಗೆಸಿದರು. ದಾನೇಶ್ವರಿಗೆ, "ಉಸಿರು ಒಳಗೆ ತಗೋ, ಈಗ ಬಿಡು" ಅಂದರು. ಒಳಗೆಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ. ಡಾಕ್ಟರಮ್ಮ ನಕ್ಕರು. "ಅಜ್ಜಾರೆ, ಮಕ್ಕಳ ಎದೆ ಉಸಿರಿನ ಜೊತೆ ಹೀಗೇ ಆಡುತ್ತದೆ. ಇದು ರೋಗವಲ್ಲ. ಇವಳನ್ನು ಓಡೋಕೆ ಬಿಡಿ."

ರುಕ್ಸಾನಾಳ ಇಸಿಜಿ ಕಾಗದ ನೋಡಿ ಅವರು ನಗಲಿಲ್ಲ. "ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ?"

ದಾವಲಸಾಬ ಮಗಳ ತಲೆಯ ಮೇಲೆ ಕೈ ಇಟ್ಟ. "ನನ್ನ ತಮ್ಮರಿ. ಹದಿನಾರು ವರ್ಷ. ಕಬಡ್ಡಿ ಆಡ್ತಾ ಆಡ್ತಾ ಹೋದ. ಅವತ್ತೂ ಬಿಸಲು ಅಂದಿದ್ರು."

"ಇದು ಮನೆತನದಲ್ಲಿ ಬರುವ, ಓಡುವಾಗ ಬಡಿತ ತಪ್ಪಿಸುವ ಎದೆರೋಗ ಇರಬಹುದು. ಇವಳಿಗೆ ಹಾಗಾಗುವ ಮೊದಲೇ ಬಂದಿರಿ" ಎಂದು ಡಾಕ್ಟರಮ್ಮ ಅದೇ ದಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ರುಕ್ಸಾನಾ ಅಲ್ಲಿಂದ ನಗುತ್ತ ಮರಳಿದಳು. ದಿನವೂ ಮಾತ್ರೆ, ಆಗಾಗ ತಪಾಸಣೆ. ಎಷ್ಟು ಆಡಬೇಕು ಎಂಬುದನ್ನು ಹೇಳುವವರು ಡಾಕ್ಟರು, ಮೇಸ್ತ್ರಿಯಲ್ಲ.

ಕ್ರೀಡಾಕೂಟದ ದಿನ ಸೀಟಿ ಊದಿ ಓಟ ಶುರು ಮಾಡಿದವಳು ಯಾರು? ರುಕ್ಸಾನಾ! ಕೊನೆಯ ಸುತ್ತು ಓಡಿದವಳು ದಾನೇಶ್ವರಿ. ಮೊದಲ ಬಹುಮಾನ! ಸರಿ, ಸರಿ, ಎರಡನೆಯದು. ಆದರೆ ಮೇಸ್ತ್ರಿ ಇಬ್ಬರನ್ನೂ ಎರಡು ಹೆಗಲ ಮೇಲೆ ಕೂರಿಸಿಕೊಂಡು ಕುಣಿದದ್ದು ನೋಡಿದ್ದರೆ ಮೊದಲನೆಯವರೇ ನಾಚುತ್ತಿದ್ದರು. ಈಗ ತಾಯಂದಿರು ಬಡಿತ ಕೇಳು ಎಂದು ಮಕ್ಕಳನ್ನು ತಂದರೆ ಅವನು ಎದೆಗೆ ಕಿವಿ ಆನಿಸುವುದಿಲ್ಲ. "ಓಡುವಾಗ ಬಿದ್ದೈತೇನು?" ಎಂದು ಕೇಳುತ್ತಾನೆ. ಹೌದು ಅಂದರೆ ಟೆಂಪೊ ಹೊರಡುತ್ತದೆ.

ನೀತಿ: ಆಡಿಕೊಂಡಿರುವ ಮಗುವಿನ ಬಡಿತ ಉಸಿರಿನ ಜೊತೆ ಹೆಚ್ಚುಕಡಿಮೆಯಾದರೆ ಹೆದರಿ ಕಟ್ಟಿಹಾಕಬೇಡಿ, ಒಮ್ಮೆ ಡಾಕ್ಟರರಿಗೆ ತೋರಿಸಿ ನಿಶ್ಚಿಂತರಾಗಿ. ಆದರೆ ಓಡುವಾಗ ಎಚ್ಚರ ತಪ್ಪಿದರೆ, ಸುಮ್ಮನೆ ಕೂತಾಗಲೂ ಎದೆ ವಿಪರೀತ ಓಡಿದರೆ, ಎದೆ ನೋವು, ಏದುಸಿರು, ತುಟಿ ನೀಲಿ ಕಂಡರೆ, ಕೂಸು ಬಿಳಿಚಿ ಹಾಲು ಕುಡಿಯುವುದನ್ನೇ ಬಿಟ್ಟರೆ, ಬಿಸಿಲಿನದೇ ತಪ್ಪು ಎಂದು ಕೂರಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ. ಮಗುವಿನ ಜೀವದ ಮುಂದೆ ನಮ್ಮ ಜಾಣತನದ ಗುರುತು ಒರೆಸುವುದಕ್ಕೆ ನಾಚಬಾರದು.

ಕತೆಯಲ್ಲಿ ಅಲ್ಲಲ್ಲಿ ನನ್ನ ಒಗ್ಗರಣೆ ಇದೆ. ನೀತಿಯಲ್ಲಿ ಒಂದು ಸಾಸಿವೆಯೂ ನನ್ನದಲ್ಲ. ಇಷ್ಟು ನಿಜ ಒಂದೇ ಸಲ ಹೇಳಿ ಗಂಟಲು ಒಣಗಿದೆ ಮಾರಾಯರೇ, ನನ್ನ ಒಂದು ಚಹಾದ ದುಡ್ಡು ನೀವೇ ಕೊಟ್ಟುಬಿಡಿ.