ಬುರುಡೆಗಳ ನಂದಾದೀಪ

ಬುರುಡೆ ಬಿಡುವುದರಲ್ಲಿ ನಿಮ್ಮ ಮಾವನನ್ನು ಮೀರಿಸುವವರಿಲ್ಲ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ ಮಕ್ಕಳೇ. ಇವತ್ತಿನದು ಬುರುಡೆಗಳದೇ ಕಥೆ, ಆದ್ದರಿಂದ ಕಣ್ಣು ಮುಚ್ಚಿಕೊಂಡು ನಂಬಬಹುದು.

ಏಳು ಸಮುದ್ರದ ಆಚೆ ಒಂದು ರಾಜ್ಯದಲ್ಲಿ ಯುದ್ಧ ನಡೆಯುತ್ತಿತ್ತು. ಫಿರಂಗಿಯ ಮೂತಿ ಎಷ್ಟು ಎತ್ತಿದರೆ ಗುಂಡು ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಲು ಅಲ್ಲಿನ ವಿದ್ಯಾಪೀಠದಲ್ಲಿ ಹೆಣ್ಣುಮಕ್ಕಳು ಕೂರುತ್ತಿದ್ದರು. ಅವರಿಗೆ ಗಣಕಿಯರು ಎಂದು ಹೆಸರು. ಹೌದು, ಆಗ ಗಣಕ ಎಂದರೆ ಯಂತ್ರವಲ್ಲ. ಉಣ್ಣುವ, ಆಕಳಿಸುವ ಮನುಷ್ಯರು. ಒಂದು ಲೆಕ್ಕ ಮುಗಿಯುವಷ್ಟರಲ್ಲಿ ಶತ್ರು ಊಟ ಮುಗಿಸಿ, ಕೈತೊಳೆದು, ಬೇರೆ ಗುಡ್ಡಕ್ಕೆ ಹೋಗಿರುತ್ತಿದ್ದ.

ದಂಡನಾಯಕ ರೇಚಯ್ಯ ವಿದ್ಯಾಪೀಠದ ಗುರು ಬೂಚಣನ ಬಳಿಗೆ ಬಂದ. "ಬೇಗ ಲೆಕ್ಕ ಹಾಕುವ ಯಂತ್ರವೊಂದನ್ನು ಮಾಡಿಕೊಡಿ ಗುರುಗಳೇ. ಖರ್ಚು ಸೈನ್ಯದ್ದು."

ಬೂಚಣ ಮಾಡಿದ. ಅದೆಷ್ಟು ದೊಡ್ಡದೆಂದರೆ, ಈ ತುದಿಯಲ್ಲಿ ಸೀನಿದರೆ ಆ ತುದಿಯವರು ಮರುದಿನ 'ಚಿರಂಜೀವಿ' ಎನ್ನುತ್ತಿದ್ದರು. ಗೋಡೆಯುದ್ದಕ್ಕೂ ಸಾವಿರಾರು ಗಾಜಿನ ಬುರುಡೆಗಳು, ಒಳಗೆ ಕೆಂಡದಂಥ ಬೆಳಕು. ಪ್ರತಿ ಬುರುಡೆಗೂ ಗೊತ್ತಿದ್ದದ್ದು ಎರಡೇ ಮಾತು: ಉಂಟು, ಇಲ್ಲ. ಹಿರಿಯ ಗಣಕಿ ಚಂದಲೆ ತಂತಿಗಳನ್ನು ಇಲ್ಲಿಂದ ಕಿತ್ತು ಅಲ್ಲಿಗೆ ಸಿಕ್ಕಿಸುತ್ತಿದ್ದಳು. ಅದೇ ಪ್ರಶ್ನೆ ಕೇಳುವ ರೀತಿ.

ಆದರೆ ಅದನ್ನು ಆರಿಸುವಂತಿರಲಿಲ್ಲ. ಆರಿಸಿ ಮತ್ತೆ ಹಚ್ಚಿದರೆ ಬುರುಡೆಗಳು ಸುಟ್ಟುಹೋಗುತ್ತಿದ್ದವು. ಅದಕ್ಕೇ ಗಣಕಿಯರು ಅದನ್ನು ನಂದಾದೀಪ ಎಂದು ಕರೆದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು.

ರೇಚಯ್ಯ ಮಾತ್ರ ಬೂಟುಗಾಲಲ್ಲೇ ನುಗ್ಗುತ್ತಿದ್ದ. "ಇದೇನು ಗುಡಿಯೇನಮ್ಮ? ನಮ್ಮ ದುಡ್ಡಿನ ಯಂತ್ರ."

ಪರೀಕ್ಷೆಯ ದಿನ ಗುಡ್ಡದ ಮೇಲೆ ಫಿರಂಗಿ ಸಿಡಿಯಿತು. ಬುರುಡೆಗಳು ಮಿಣಮಿಣ ಎಂದವು. ಗುಂಡು ಇನ್ನೂ ಆಕಾಶದಲ್ಲಿತ್ತು; ಅದು ಬೀಳುವ ಜಾಗ ಆಗಲೇ ಚಂದಲೆಯ ಕೈಯಲ್ಲಿದ್ದ ಚೀಟಿಯಲ್ಲಿತ್ತು. ಆಮೇಲೆ ದೂರದಲ್ಲಿ ಧಡ್ ಎಂದಿತು. ಅಲ್ಲೇ. ಇನ್ನೂ ಆಗದ್ದನ್ನು ಅವರೆಲ್ಲ ಮೊದಲೇ ಕಂಡಿದ್ದರು. ಅಲ್ಲಿದ್ದಿದ್ದರೆ ನಾನು ಕೈಮುಗಿಯುತ್ತಿದ್ದೆ. ಇದಕ್ಕಿಂತ ದೊಡ್ಡ ಪವಾಡ ಬೇಕೇ?

ಯುದ್ಧ ಗೆದ್ದಾಯಿತು. ರೇಚಯ್ಯ ಮತ್ತೆ ಬಂದ. "ಶತ್ರುವೇ ಇಲ್ಲ. ಇನ್ನು ಇದೇಕೆ? ಆರಿಸಿಬಿಡಿ."

ಬೂಚಣ ಚಂದಲೆಯತ್ತ ನೋಡಿದ. ಒಮ್ಮೆ ಆರಿದರೆ ಅದು ಮತ್ತೆ ಹತ್ತುವುದು ಸುಳ್ಳು.

ಚಂದಲೆ ಕೇಳಿದಳು: "ನಿಮ್ಮ ಸೈನಿಕರು ಹಡಗು ಹತ್ತಿ ಮನೆಗೆ ಹೊರಡುವುದು ಯಾವಾಗ ಸ್ವಾಮಿ?"

"ನಾಳೆ ಬೆಳಗ್ಗೆ. ನನ್ನ ಮಗನೂ ಅದರಲ್ಲೇ ಇದ್ದಾನೆ. ಯಾಕೆ?"

"ಸಮುದ್ರ ಹೇಗಿರುತ್ತದೆ ಎಂದು ಇದನ್ನು ಕೇಳೋಣ."

ರೇಚಯ್ಯ ನಕ್ಕ. "ಫಿರಂಗಿಗೆಂದು ಹುಟ್ಟಿದ್ದಕ್ಕೆ ಗಾಳಿಯ ಗುಟ್ಟೇನು ಗೊತ್ತು ತಾಯಿ?"

"ಅದಕ್ಕೆ ಫಿರಂಗಿಯೂ ಗೊತ್ತಿಲ್ಲ ಸ್ವಾಮಿ. ಕೇಳಿದ್ದನ್ನು ಹೇಳಿತು, ಅಷ್ಟೇ. ನೀವು ಬೇರೇನೂ ಕೇಳಲೇ ಇಲ್ಲವಲ್ಲ."

ಮಾತು ನಾಟಿತು. "ಸರಿ, ಕೇಳು. ಸುಳ್ಳಾದರೆ ನನ್ನ ಕೈಯಾರೆ ಆರಿಸುತ್ತೇನೆ."

ಬಂದರು ಬಂದರುಗಳಿಂದ ಗಾಳಿಯ ವೇಗ ತರಿಸಿದರು. ಚಂದಲೆ ಫಿರಂಗಿಯ ತಂತಿಗಳನ್ನೆಲ್ಲ ಕಿತ್ತು ಬೇರೆ ಕಡೆ ಸಿಕ್ಕಿಸಿದಳು. ಉಂಟು, ಇಲ್ಲ, ಇಲ್ಲ, ಉಂಟು. ಕಾಡಿನ ಮಿಂಚುಹುಳಗಳೆಲ್ಲ ಸೇರಿ ಒಂದೇ ಯೋಚನೆ ಮಾಡಿದ ಹಾಗೆ ಕಂಡಿತು. ಉತ್ತರ ಬಂತು: ಹಡಗುಗಳು ನಡುಗಡಲು ಸೇರುವ ಹೊತ್ತಿಗೆ ಬಿರುಗಾಳಿ.

ಹೊರಗೆ ನೋಡಿದರೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಆದರೂ ರೇಚಯ್ಯ ಹಡಗು ಬಿಡಿಸಲಿಲ್ಲ. ಮನೆಯ ದಾರಿ ಕಾಯುತ್ತಿದ್ದ ಸೈನಿಕರು ಅವನ ಬೆನ್ನ ಹಿಂದೆ ಚೆನ್ನಾಗಿ ಬೈದರು.

ಮರುದಿನ ಮಧ್ಯಾಹ್ನ ಸಮುದ್ರ ತೆಂಗಿನಮರದೆತ್ತರಕ್ಕೆ ಎದ್ದು ನಿಂತಿತು. ಬಂದರಿನಲ್ಲಿ ಕಟ್ಟಿದ್ದ ಹಡಗುಗಳು ಹಗ್ಗ ಜಗ್ಗಾಡಿದವು. ಒಂದೂ ಮುಳುಗಲಿಲ್ಲ.

ಗಾಳಿ ನಿಂತ ಮೇಲೆ ರೇಚಯ್ಯ ವಿದ್ಯಾಪೀಠಕ್ಕೆ ಬಂದ. ಬಾಗಿಲಲ್ಲಿ ನಿಂತ. ಬಗ್ಗಿ ಬೂಟು ಬಿಚ್ಚಿ ಗಣಕಿಯರ ಚಪ್ಪಲಿಗಳ ಪಕ್ಕ ಇಟ್ಟ. ಬರಿಗಾಲಲ್ಲಿ ಒಳಗೆ ಬಂದು ಮೆಲ್ಲಗೆ ಕೇಳಿದ:

"ಇದನ್ನು ಇನ್ನೇನೇನು ಕೇಳಬಹುದಮ್ಮ?"

ನೀತಿ: ಮೊದಲ ಪ್ರಶ್ನೆ ದುಡ್ಡು ಕೊಟ್ಟವನದು, ವಿದ್ಯೆ ಬಾಳುವುದು ಎರಡನೆಯ ಪ್ರಶ್ನೆಯಿಂದ. ಯಾವ ದೀಪವನ್ನಾದರೂ ಆರಿಸುವ ಮೊದಲು ಅದನ್ನು ಇನ್ನೊಂದು ಮಾತು ಕೇಳಿ ನೋಡಿ.